ನಿಂತ ಮಗ್ಗಕ್ಕೆ ಕೆಂಪು ಬಟ್ಟೆ

ಕಾಯುವುದೆಂದರೆ ನನಗೆ ಆಗದು. ಇಡ್ಲಿ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವವಳು ನಾನು. ಬಸ್ಸು ಐದು ನಿಮಿಷ ತಡವಾದರೆ ನಿಂತಲ್ಲಿ ನಿಲ್ಲಲಾರದೆ ಮುಂದಿನ ಸ್ಟಾಪಿನ ಕಡೆ ನಡೆಯತೊಡಗುತ್ತೇನೆ. ಅರ್ಧ ದಾರಿಯಲ್ಲಿರುವಾಗ ಆ ಬಸ್ಸು ನನ್ನನ್ನು ದಾಟಿಕೊಂಡು ಹೋಗುತ್ತದೆ. ಇದು ಎಷ್ಟು ಸಲ ಆಗಿದೆಯೆಂದರೆ, ಬಾಶೆಟ್ಟಿಹಳ್ಳಿ ಕಡೆಯ ಕಂಡಕ್ಟರೊಬ್ಬರು ಈಗ ನನ್ನನ್ನು ಕಂಡರೆ ಕಿಟಕಿಯಿಂದಲೇ ನಗುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುವುದರಲ್ಲಿ ಸುಳ್ಳಿಲ್ಲ. ಇಂಥವಳಿಗೆ ಸಿಕ್ಕಿದ ಕೆಲಸವಾದರೂ ಎಂಥದ್ದು? ತಡಮಾಡುವವರನ್ನು ಸಂಭಾಳಿಸುವ ಕೆಲಸ.

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಮುಂದೆ ಮನೆ, ಹಿಂದೆ ಶೀಟು ಹೊದಿಸಿದ ಶೆಡ್ಡು. ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು, ನೋಡಿಕೊಳ್ಳಲು ಅಪ್ಪ ಒಬ್ಬರೇ. ನಾಲ್ಕನ್ನೂ ಒಬ್ಬರು ಹೇಗೆ ನಿಭಾಯಿಸುತ್ತಾರೆ ಎಂದು ಮನೆಗೆ ಬಂದ ನೆಂಟರು ಕೇಳುವುದಿತ್ತು. ಮಗ್ಗ ತಾನಾಗಿ ನೇಯುತ್ತಿರುವಾಗ ಅದಕ್ಕೆ ಯಾರೂ ಬೇಕಿಲ್ಲ. ಲಾಳಿಯಲ್ಲಿ ನೂಲು ಮುಗಿದರೆ ಅದು ನಿಲ್ಲುತ್ತದೆ. ಆಗ ಅಪ್ಪ ಹೋಗಿ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಹಿಡಿ ಎಳೆದು, ಅದು ಮತ್ತೆ ಸದ್ದು ಮಾಡುವಷ್ಟರಲ್ಲಿ ಇನ್ನೊಂದರ ಮುಂದೆ ಇರುತ್ತಿದ್ದರು. ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅವರ ಗುಟ್ಟು ಅಷ್ಟೇ.

ಆದರೆ ಬೇಗ ಮುಗಿಯದ ಕೆಲಸವೊಂದಿತ್ತು. ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೈಯಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಬೆಳಗ್ಗೆ ಕುಳಿತರೆ ಮಧ್ಯಾಹ್ನದ ಊಟದ ಹೊತ್ತೂ ಮೀರುತ್ತಿತ್ತು. ಅಂಥ ಮಗ್ಗದ ನೆತ್ತಿಗೆ ಅಪ್ಪ ಹಳೆಯ ಸೀರೆಯ ಕೆಂಪು ಚೂರೊಂದನ್ನು ಕಟ್ಟಿ, ಅದರ ಕಡೆ ತಿರುಗಿಯೂ ನೋಡದೆ ಉಳಿದ ಮೂರನ್ನು ನಡೆಸಿಕೊಂಡಿರುತ್ತಿದ್ದರು. ಕೆಂಪು ಬಟ್ಟೆ ಕಂಡರೆ ಯಾರೂ ಅದರ ಹಿಡಿ ಎಳೆಯುವಂತಿಲ್ಲ. ಅದು ಕೆಚ್ಚುವವರ ಮಗ್ಗ, ಅವರು ಮುಗಿಸಿ ಬಟ್ಟೆ ಬಿಚ್ಚುವವರೆಗೆ ಅವರದೇ.

ನಮ್ಮ ಶೆಡ್ಡಿನಲ್ಲಿ ಕೆಚ್ಚುತ್ತಿದ್ದವಳು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಎರಡು ಬೀದಿಯಾಚೆ ಅವಳ ಮನೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದ ಹಿಂದೆ ಚಕ್ಕಳಮಕ್ಕಳ ಕೂತು, ಎಳೆಗೆ ಎಳೆ ಹೊಸೆಯುತ್ತ ಹೋಗುತ್ತಿದ್ದಳು. ಅವಳಷ್ಟು ನಿಧಾನದ ಮನುಷ್ಯರನ್ನು ನಾನು ಕಂಡಿಲ್ಲ. ಅವಳು ಕೆಚ್ಚಿದ ಎಳೆ ಬಿಟ್ಟುಕೊಂಡದ್ದನ್ನೂ ಕಂಡಿಲ್ಲ. ಶಾಲೆಯಿಂದ ಬಂದವಳು ನಾನು ಅವಳ ಬೆನ್ನಿಗೆ ಬಿದ್ದು, ಆಯ್ತಾ, ಇನ್ನೂ ಎಷ್ಟು ಹೊತ್ತು ಎಂದು ಪ್ರಾಣ ತಿನ್ನುತ್ತಿದ್ದೆ, ಏಕೆಂದರೆ ಕೆಲಸ ಮುಗಿದ ಮೇಲೆ ಅವಳು ನನ್ನ ಜಡೆ ಹೆಣೆಯಬೇಕಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ.

“ನೀನು ಹೋಗಿ ಆಡ್ಕೊಂಡ್ ಬಾ,” ಎನ್ನುತ್ತಿದ್ದಳು. “ಆದ್ಮೇಲೆ ಕೂಗ್ತೀನಿ.”

ನಾನು ಗೊಣಗಿಕೊಂಡು ಬೀದಿಗೆ ಹೋಗುತ್ತಿದ್ದೆ. ಆಟದಲ್ಲಿ ಮರೆತೇ ಹೋದಾಗ ಬೀದಿಯ ಆ ತುದಿಗೂ ಕೇಳುವಂತೆ ಅವಳ ಕೂಗು ಬರುತ್ತಿತ್ತು. ಒಂದು ಸಲವೂ ತಪ್ಪಿಸಿದವಳಲ್ಲ.

ಓದು ಮುಗಿಸಿ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ಈಗ ನಾನು ಕೆಲಸ ಮಾಡುವುದು ನಮ್ಮೂರಿನಲ್ಲೇ, ಒಂದು ಬೇಕರಿಯ ಮೇಲಿನ ಎರಡು ಕೋಣೆಯ ಕಚೇರಿಯಲ್ಲಿ. ನಾವು ನಾಲ್ಕು ಜನ. ಯಜಮಾನರನ್ನು ಎಲ್ಲರೂ ಸರ್ ಎನ್ನುತ್ತೇವೆ. ಒಳ್ಳೆಯ ಮನುಷ್ಯ, ಆದರೆ ಎದುರಿಗೆ ಗ್ರಾಫ್ ಇಲ್ಲದಿದ್ದರೆ ಅವರಿಗೆ ಮಾತು ತಲೆಗೆ ಹತ್ತುವುದಿಲ್ಲ. ಎರಡು ವರ್ಷದ ಹಿಂದೆ ನಾವೊಂದು ಆಪ್ ಮಾಡಿದೆವು. ನೇಕಾರರು ತಾವು ನೇಯ್ದ ಸೀರೆಯ ಫೋಟೊ ತೆಗೆದು ಅದರಲ್ಲಿ ಹಾಕುತ್ತಾರೆ, ಬೆಂಗಳೂರಿನ ಸೀರೆ ಅಂಗಡಿಗಳವರು ನೋಡಿ ಆರಿಸಿಕೊಳ್ಳುತ್ತಾರೆ. ನಡುವೆ ಯಾರೂ ಇಲ್ಲ. ಸೀರೆಯ ಕೆಳಗೆ ನೇಯ್ದವರು ಎಂದು ಅವರ ಹೆಸರೇ ಬರುತ್ತದೆ.

ಅದರ ಸರ್ವರ್ ಬರೆದವಳು ನಾನು. ಸರ್ವರ್ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಕಿಲ್ಲ. ಬಂದ ಕೋರಿಕೆಗೆಲ್ಲ ಉತ್ತರ ಕೊಡುತ್ತ ಕೂತಿರುವ ಒಂದು ಪ್ರೋಗ್ರಾಂ, ಅಷ್ಟೇ. ಒಬ್ಬೊಬ್ಬ ಗಿರಾಕಿಗೂ ಒಬ್ಬೊಬ್ಬ ಆಳನ್ನು ನಿಲ್ಲಿಸುವುದು ಒಂದು ಪದ್ಧತಿ. ಒಬ್ಬನೇ ಆಳು ಎಲ್ಲರ ಹತ್ತಿರವೂ ಸುತ್ತುತ್ತ, ಯಾರ ಕೆಲಸ ಸಿದ್ಧವಾಯಿತೋ ಅವರ ಬಳಿಗೆ ಓಡುವುದು ಇನ್ನೊಂದು. ನಾನು ಆರಿಸಿದ್ದು ಎರಡನೆಯದನ್ನು. ನಾಲ್ಕು ಮಗ್ಗಕ್ಕೆ ಒಬ್ಬರೇ ಅಪ್ಪ ಇದ್ದ ಮನೆಯವಳಿಗೆ ಬೇರೇನು ತೋಚೀತು? ಒಂದೇ ಒಂದು ಆಳು, ನೂರಾರು ಜನ, ಯಾರಿಗೂ ಕಾಯುವ ಮಾತಿಲ್ಲ ಎಂದು ಸರ್ ಮುಂದೆ ಬೀಗಿದ್ದೆ.

ಬೀಗಿದ್ದು ಮೊದಲ ವಾರವೇ ಇಳಿಯಿತು. ನೇಕಾರರು ಫೋಟೊ ಹಾಕಲು ಶುರು ಮಾಡಿದ ದಿನ ಇಡೀ ಆಪ್ ಕಲ್ಲಿನಂತೆ ನಿಂತುಬಿಟ್ಟಿತು. ಬಂದ ಪ್ರತಿ ಫೋಟೊವನ್ನೂ ಚಿಕ್ಕದು ಮಾಡಿ, ಬೆಳಕು ಸರಿಪಡಿಸಿ, ಮೂಲೆಯಲ್ಲಿ ಗುರುತು ಹಾಕುವ ಕೆಲಸ ಆ ಒಬ್ಬನೇ ಆಳಿನದಾಗಿತ್ತು. ಅವನು ಒಂದು ಫೋಟೊದ ಮುಂದೆ ನಿಂತನೆಂದರೆ ಅದು ಮುಗಿಯುವವರೆಗೆ ಅಲ್ಲಾಡುತ್ತಿರಲಿಲ್ಲ, ಉಳಿದವರೆಲ್ಲ ಬಾಗಿಲಲ್ಲಿ. ಅದರ ಮೇಲೆ ನಮ್ಮವರ ಫೋಟೊಗಳೋ, ದೇವರಿಗೇ ಪ್ರೀತಿ. ಬೇರೆ ಊರಿನವರು ಸೀರೆ ಉಟ್ಟವರ ಫೋಟೊ ತೆಗೆಯುತ್ತಾರೆ. ನಮ್ಮವರು ನೇಯ್ಗೆಯ ಫೋಟೊ ತೆಗೆಯುತ್ತಾರೆ. ಎಳೆ ಎಣಿಸುವ ಹಾಗೆ ಕಾಣಬೇಕು ಎಂದು ಫೋನಿನಲ್ಲಿ ಇರುವ ಅತಿ ದೊಡ್ಡ ಅಳತೆಗೆ ತಿರುಗಿಸಿ, ಅಂಚಿಗೆ ಮೂಗು ತಾಗಿಸಿದ ಹಾಗೆ ತೆಗೆದಿರುತ್ತಾರೆ. ಒಂದೊಂದು ಫೋಟೊ ಒಂದೊಂದು ಮೂಟೆ.

ಬೆಂಗಳೂರಿನ ಅಂಗಡಿಯವರೊಬ್ಬರು ಫೋನ್ ಮಾಡಿ ಸರ್‌ಗೆ ಚೆನ್ನಾಗಿ ಬೈದರು. ಸರ್ ಫೋನಿಟ್ಟು ನನ್ನ ಮುಖ ನೋಡಿದರು. ನನಗೆ ಅದೇ ಸಾಕಾಯಿತು. ಕೋಪದಲ್ಲಿ ಕೂತು, ಸರ್ವರಿನ ಹೆಬ್ಬಾಗಿಲಿಗೆ ಒಂದು ಗಡಿಯಾರ ಕಟ್ಟಿದೆ. ಯಾವ ಕೋರಿಕೆಯಾದರೂ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಕತ್ತರಿಸಿ ಆಚೆ ಹಾಕು. ಕತ್ತರಿಸಿಕೊಂಡವರಿಗೆ ಒಂದು ಸಾಲು ಬರೆದೆ: “ಸಮಯ ಮೀರಿದೆ. ಮತ್ತೆ ಪ್ರಯತ್ನಿಸಿ.” ಅದನ್ನು ಬರೆಯುವಾಗ ನನಗೆ ಒಂದು ಚೂರೂ ಸಂಕೋಚವಾಗಲಿಲ್ಲ ಎಂಬುದನ್ನು ಹೇಳಿಬಿಡಬೇಕು.

ಮರುದಿನದಿಂದ ಆಪ್ ಗಾಳಿಯ ಹಾಗೆ ಓಡಿತು. ಗ್ರಾಫಿನ ಕೆಂಪು ಗೆರೆ ಇಳಿದು ಹಸಿರಾಯಿತು. ಸರ್ ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿದರು, ನಾನು ಎರಡು ತುಂಡು ತಿಂದೆ. ಉತ್ತರ ಸಿಕ್ಕವರಿಗೆ ಎಷ್ಟು ಬೇಗ ಸಿಕ್ಕಿತು ಎಂಬುದನ್ನು ಮಾತ್ರ ಆ ಗ್ರಾಫ್ ತೋರಿಸುತ್ತದೆ, ಕತ್ತರಿಸಿಕೊಂಡವರು ಅದರಲ್ಲಿ ಇರುವುದೇ ಇಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಗ್ರಾಫ್ ಮಾಡಿದವಳೂ ನಾನೇ.

ಕೆಲವು ತಿಂಗಳ ಮೇಲೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರು ಹೊಸ ಅಂಚುಗಳನ್ನು ಹುಡುಕುತ್ತಿದ್ದೇವೆ ಎಂದರು. ನೇಕಾರರು ತಮ್ಮದೇ ಡಿಸೈನಿನ ಸೀರೆಯನ್ನು ಆಪ್‌ನಲ್ಲಿ ಹಾಕಬೇಕು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ, ಆರಿಸಿದವರಿಗೆ ವರ್ಷವಿಡೀ ಕೆಲಸ. ಆ ವಾರ ಬುಧವಾರ ಸಂಜೆ ಅಮ್ಮ ಕಳಿಸಿದ ಹುರುಳಿಕಾಳಿನ ಬಸ್ಸಾರು ಕೊಡಲು ನಾನು ಚಿಕ್ಕಮ್ಮನ ಮನೆಗೆ ಹೋದೆ.

ಚಿಕ್ಕಮ್ಮ ಈಗ ಕೆಚ್ಚುವುದಿಲ್ಲ. ಕಣ್ಣು ಮೊದಲಿನ ಹಾಗಿಲ್ಲ. ಅವಳದೇ ಎರಡು ಮಗ್ಗ ಇವೆ, ಇಪ್ಪತ್ತು ವರ್ಷದಿಂದ ಒಬ್ಬ ದೊಡ್ಡ ಸಾಹುಕಾರರಿಗೆ ನೇಯುತ್ತಾಳೆ. ಅವರ ನೂಲು, ಅವರ ಡಿಸೈನು, ಅವರ ಅಂಗಡಿಯ ಹೆಸರು. ಸಾಹುಕಾರರು ಕೆಟ್ಟವರಲ್ಲ. ಆದರೆ ಇವಳ ಕೈಯಿಂದ ಹೋದ ಸೀರೆ ಮದುವೆ ಮನೆಯಲ್ಲಿ ಯಾರದೋ ಮೈಮೇಲೆ ಕಂಡಾಗ ಇದು ನಾನು ನೇಯ್ದದ್ದು ಎಂದು ಹೇಳಿದರೆ ನಂಬುವವರು ಯಾರು? ಆ ವರ್ಷ ಅವಳು ಮೊದಲ ಸಲ ತನ್ನದೇ ಒಂದು ಅಂಚು ಮಾಡಿದ್ದಳು. ಕುಂದಾಣದ ಕಡೆ ನೆಂಟರ ಹೊಲದಲ್ಲಿ ಕಂಡ ರಾಗಿ ತೆನೆ. ಬೆರಳು ಮಡಚಿದ ಹಾಗೆ ಇರುತ್ತದಲ್ಲ, ಅದನ್ನು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮೂಡಿಸಿ, ಅಳಿಸಿ, ಮತ್ತೆ ಮೂಡಿಸಿ, ಆಮೇಲೆ ಮಗ್ಗಕ್ಕೆ ಹಾಕಲು ತೂತು ಹೊಡೆದ ಡಿಸೈನಿನ ಕಾರ್ಡು ಮಾಡಿಸಿಕೊಂಡು ಬಂದಿದ್ದಳು. ಕಂದು ಒಡಲು, ಹಸಿರು ಅಂಚಿನ ತುಂಬ ತೆನೆ. ನೋಡಿದವರು ಕೈಯಾಡಿಸದೆ ಬಿಡುತ್ತಿರಲಿಲ್ಲ.

ನಾನು ಹೋದಾಗ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು, ಒಂದು ಮೂಲೆ ಬಿರುಕು ಬಿಟ್ಟ ಫೋನನ್ನು ಆಕಾಶಕ್ಕೆ ಹಿಡಿದು, ಬೆರಳಿನಿಂದ ಒತ್ತುತ್ತಿದ್ದಳು. ಒತ್ತುವುದು, ನೋಡುವುದು, ಮತ್ತೆ ಒತ್ತುವುದು. ಏನು ಮಾಡುತ್ತಿದ್ದಾಳೆಂದು ಕೇಳಿದೆ. ಸೀರೆ ಹಾಕುತ್ತಿದ್ದಳು. ಭಾನುವಾರದಿಂದ.

ಭಾನುವಾರದಿಂದ ಎಂದರೆ ನಾಲ್ಕು ದಿನ. ನನಗೆ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಅವಳು ತನ್ನ ಕೈಯನ್ನೇ ದೂರಿದಳು. ಮಗ್ಗ ಹಿಡಿದ ಕೈಗೆ ಫೋನು ಒಗ್ಗುವುದಿಲ್ಲ, ಎಲ್ಲೋ ತಪ್ಪು ಒತ್ತುತ್ತಿದ್ದೇನೆ ಎಂದಳು. ಮಗ್ಗ ನಿಂತರೆ ಹಿಡಿ ಎಳೆದು ನೋಡುವುದು, ಹತ್ತಲಿಲ್ಲವೆಂದರೆ ಇನ್ನೊಂದು ಸಲ ಎಳೆಯುವುದು ಅವಳ ಕೈಗೆ ಬಂದ ಅಭ್ಯಾಸ. ಇಲ್ಲಿಯೂ ಹಾಗೇ ಮಾಡಿದ್ದಳು. ಅದರ ಮೇಲೆ ಆ ಕಡೆಯಿಂದ ಯಾರೋ ಮತ್ತೆ ಪ್ರಯತ್ನಿಸು ಎಂದು ಹೇಳುತ್ತಲೂ ಇದ್ದರು.

“ಅವ್ರು ಹೇಳ್ದಂಗೇ ಮಾಡ್ತಾ ಇದೀನಿ ಕಣೇ,” ಎಂದಳು. “ಪಾಪ, ಪ್ರತಿ ಸಲಾನೂ ಹೇಳ್ತಾರೆ.”

ಫೋನಿನಲ್ಲಿ ನನ್ನ ಸಾಲು ಇತ್ತು. ಆ ಪಾಪದ ಅವರು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಶೀಟಿನ ಶೆಡ್ಡು, ಹಳೆಯ ಫೋನು, ಸಿಗ್ನಲ್ಲಿನ ಒಂದೇ ಕಡ್ಡಿ, ಎಳೆ ಎಳೆ ಕಾಣುವ ದೊಡ್ಡ ಫೋಟೊ. ಅದು ಸರ್ವರನ್ನು ತಲುಪಲು ಎರಡು ಮೂರು ನಿಮಿಷವಾದರೂ ಬೇಕು. ನಾನು ಹತ್ತನೇ ಸೆಕೆಂಡಿಗೆ ಕತ್ತರಿಸುತ್ತಿದ್ದೆ. ಅವಳು ಮತ್ತೆ ಮೊದಲಿನಿಂದ ಕಳಿಸುತ್ತಿದ್ದಳು, ನಾನು ಮತ್ತೆ ಕತ್ತರಿಸುತ್ತಿದ್ದೆ. ಅವಳು ಶನಿವಾರದವರೆಗೆ ಅಲ್ಲ, ಮುಂದಿನ ಯುಗಾದಿಯವರೆಗೆ ಒತ್ತಿದರೂ ಆ ಸೀರೆ ಸೇರುತ್ತಿರಲಿಲ್ಲ.

ಕೊನೆಗೆ ಹೇಳಿದೆ. ಆ ಗಡಿಯಾರ ಕಟ್ಟಿದ್ದು ನಾನೇ, ತಪ್ಪು ನಿನ್ನ ಕೈಯದಲ್ಲ ಎಂದು. ಅವಳು ಬೈಯುತ್ತಾಳೆಂದು ಕಾದೆ. ಅವಳು ಬಸ್ಸಾರಿನ ಡಬ್ಬಿ ತೆಗೆದು ವಾಸನೆ ನೋಡಿದಳು. ಆಮೇಲೆ ಕೇಳಿದಳು:

“ನಿಮ್ಮಪ್ಪ ನಿಂತ ಮಗ್ಗಕ್ಕೆ ಬಟ್ಟೆ ಕಟ್ತಿದ್ರು. ನೀನು ಹಾಸನ್ನೇ ಕತ್ತರಿಸಿಬಿಡೋದಾ?”

ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತವಳಿಗೆ ಇದಕ್ಕಿಂತ ಸರಿಯಾಗಿ ಯಾರೂ ಉಗಿದಿರಲಿಲ್ಲ. ನಾನು ಆ ಶೆಡ್ಡಿನಲ್ಲೇ ಬೆಳೆದವಳು. ಒಬ್ಬರೇ ನಾಲ್ಕು ಮಗ್ಗ ನಡೆಸುವುದನ್ನು ಅಪ್ಪನಿಂದ ಕದ್ದೆ, ಕೆಂಪು ಬಟ್ಟೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೆ. ನಾಚಿಕೆಯಾಯಿತು.

ನಾನು ಸುಲಭದ ದಾರಿ ಹಿಡಿದೆ. ಫೋಟೊಗಳನ್ನು ನನ್ನ ಫೋನಿಗೆ ಕೊಡು, ನಾಳೆ ಕಚೇರಿಯಿಂದ ಹಾಕಿ, ಹೆಸರು ನಿನ್ನದೇ ಬರುವ ಹಾಗೆ ಮಾಡುತ್ತೇನೆ ಎಂದೆ. ಆಪ್‌ನಲ್ಲಿ ಯಾರ ನಂಬರಿನಿಂದ ಸೀರೆ ಬಂತೋ ಅವರ ಹೆಸರು ತಾನಾಗಿ ಬೀಳುತ್ತದೆ, ಆದರೆ ಒಳಗೆ ಕೂತವಳಿಗೆ ಅದನ್ನು ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಚಿಕ್ಕಮ್ಮ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡಳು. ಈ ಬೀದಿಯಲ್ಲಿ ಇನ್ನೂ ಐದಾರು ಹೆಂಗಸರು ಹೀಗೇ ಒತ್ತುತ್ತ ಕೂತಿದ್ದಾರೆ, ಅವರಿಗೂ ನೀನೇ ಹಾಕಿಕೊಡುತ್ತೀಯಾ, ಮುಂದಿನ ಸೀರೆಗೂ ನೀನೇ ಬರುತ್ತೀಯಾ ಎಂದು ಕೇಳಿದಳು.

“ಇಪ್ಪತ್ ವರ್ಷ ಇನ್ನೊಬ್ರ ಕೈಯಿಂದ ಹೋಯ್ತು ನನ್ ಸೀರೆ,” ಎಂದಳು. “ಇದೊಂದು ನನ್ ಕೈಯಿಂದ್ಲೇ ಹೋಗ್ಲಿ ಬಿಡು.”

ಗುರುವಾರ ಬೆಳಗ್ಗೆ ಏಳಕ್ಕೆ ಕಚೇರಿಯ ಬೀಗ ತೆಗೆದೆ. ಕೆಳಗೆ ಬೇಕರಿಯವರು ಬನ್ನಿನ ತಟ್ಟೆ ಇಳಿಸುತ್ತಿದ್ದರು. ಬಂದುಹೋದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್ ತೆಗೆದು, ಮೊದಲ ಸಲ, ಕತ್ತರಿಸಿಕೊಂಡವರನ್ನು ನೋಡಿದೆ. ಉದ್ದಕ್ಕೆ ಅವರೇ. ದೊಡ್ಡಬಳ್ಳಾಪುರದ ಒಳಬೀದಿಗಳವರು, ತ್ಯಾಮಗೊಂಡ್ಲು ಕಡೆ ತೋಟದ ನಡುವೆ ಒಂದೊಂದು ಮಗ್ಗ ಇಟ್ಟುಕೊಂಡವರು. ಒಬ್ಬಾಕೆಯ ಫೋಟೊ ಹೇಗೋ ಹತ್ತು ಸೆಕೆಂಡಿನೊಳಗೆ ತಲುಪಿದೆ, ಆದರೆ ಉತ್ತರ ಹೋಗುವಷ್ಟರಲ್ಲಿ ಗಡಿಯಾರ ಕತ್ತರಿಸಿದೆ. ಆಕೆ ಸೇರಲಿಲ್ಲವೆಂದು ತಿಳಿದು ಮತ್ತೆ ಮತ್ತೆ ಕಳಿಸಿ, ಒಂದೇ ಸೀರೆ ಏಳು ಸಲ ಸೇರಿತ್ತು. ಅಂಗಡಿಯವರು ಆಕೆಯ ಬಳಿ ಏಳು ಸೀರೆ ಇದೆಯೆಂದುಕೊಂಡು ಏಳನ್ನೂ ಕೇಳಿದ್ದರು. ಆಕೆ ಏನೆಂದು ಉತ್ತರ ಕೊಟ್ಟಳೋ.

ಸರ್ ಒಂಬತ್ತೂವರೆಗೆ ಬಂದರು. ಸರ್ವರಿನ ದಾರಿಯನ್ನೇ ಬದಲಿಸುತ್ತೇನೆ ಎಂದಾಗ ಅವರ ಮುಖ ಹುಳ್ಳಗಾಯಿತು. ಬಾಗಿಲು ಮುಚ್ಚಲು ಎರಡು ದಿನ ಇರುವಾಗ ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು, ಸೋಮವಾರ ನೋಡೋಣ ಎಂದರು. ನಾನು ವಾದ ಮಾಡಲಿಲ್ಲ. ಕತ್ತರಿಸಿಕೊಂಡವರನ್ನೂ ಸೇರಿಸಿ ಗ್ರಾಫನ್ನು ಮತ್ತೆ ಬರೆದು ಅವರ ಮೇಜಿನ ಮೇಲೆ ತೆರೆದಿಟ್ಟೆ. ಹಸಿರೆಲ್ಲ ಹೋಗಿ ಕೆಂಪಾಯಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇವ್ರೆಲ್ಲಾ ನಮ್ಮೋರೇನಾ?” ಎಂದರು.

ಹೌದು ಎಂದೆ. ಶುಕ್ರವಾರ ಸಂಜೆಯೊಳಗೆ ಮುಗಿಸು ಎಂದರು, ದಿಲ್‌ಪಸಂದಿನ ಮಾತೆತ್ತಲಿಲ್ಲ.

ಎರಡು ದಿನ ನಾನು ಮಾಡಿದ್ದರಲ್ಲಿ ಅಪ್ಪನ ಶೆಡ್ಡಿನಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಫೋಟೊ ಚಿಕ್ಕದು ಮಾಡುವ ಕೆಲಸವನ್ನು ಆ ಓಡಾಡುವ ಆಳಿನಿಂದ ಕಿತ್ತುಕೊಂಡು, ಹಿಂದೆ ಬೇರೆ ಕೂತು ಒಂದೊಂದಾಗಿ ಮುಗಿಸುವ ಇನ್ನೊಂದು ಪ್ರೋಗ್ರಾಮಿಗೆ ಕೊಟ್ಟೆ. ಅದು ಕೆಚ್ಚುವವರ ಜಾಗ. ಫೋಟೊ ಬಂದ ಕೂಡಲೇ ಅದಕ್ಕೊಂದು ಗುರುತು ಹಾಕಿ, ಕಳಿಸಿದವರಿಗೆ ಸೇರಿದೆ ಎಂದು ತಕ್ಷಣ ಹೇಳಿ, ಆಳು ಮುಂದಕ್ಕೆ ಹೋಗಬೇಕು. ಆ ಗುರುತಿಗೆ ನಾನು ಇಟ್ಟ ಹೆಸರು ಕೆಂಪು ಬಟ್ಟೆ. ಅದು ಕಟ್ಟಿರುವವರೆಗೆ ಅದೇ ಫೋಟೊವನ್ನು ಇನ್ನೆಷ್ಟು ಸಲ ಒತ್ತಿ ಕಳಿಸಿದರೂ ಒಂದೇ ಎಂದು ಲೆಕ್ಕ.

ಕಷ್ಟದ ಕೆಲಸ ಹೆಬ್ಬಾಗಿಲಿನದಾಗಿತ್ತು. ನಿಧಾನವಾಗಿ ಬರುವ ಫೋಟೊವನ್ನು ಅಲ್ಲೇ ತುಣುಕು ತುಣುಕಾಗಿ ತೆಗೆದಿಟ್ಟುಕೊಳ್ಳಬೇಕು, ಪೂರ್ತಿಯಾದ ಮೇಲೆ ಮಾತ್ರ ಒಳಗೆ ಬಿಡಬೇಕು. ನಡುವೆ ಸಿಗ್ನಲ್ ಕಡಿದರೆ ಮೊದಲಿನಿಂದಲ್ಲ, ಕಡಿದ ಕಡೆಯಿಂದ ಮುಂದುವರಿಯಬೇಕು. ಎಳೆ ಕಡಿದರೆ ಕಡಿದಲ್ಲೇ ತಾನೆ ಹೊಸೆಯುವುದು? ಗಡಿಯಾರವನ್ನು ಪೂರ್ತಿ ಬಿಚ್ಚಲಿಲ್ಲ. ಸುಮ್ಮನೆ ಬಾಗಿಲು ಹಿಡಿದು ನಿಂತು ಒಂದು ತುಣುಕನ್ನೂ ಕಳಿಸದವರನ್ನು ಆಚೆ ಹಾಕಲೇಬೇಕು. ಆದರೆ ನಿಧಾನವಾಗಿಯಾದರೂ ಬರುತ್ತಿರುವವರು ಬರಲಿ. ಇವೆರಡನ್ನು ಬೇರೆ ಮಾಡಿ ನೋಡುವಷ್ಟು ತಾಳ್ಮೆ ನನಗೆ ಮೊದಲು ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಎರಡು ಸಲ ಕೆಟ್ಟು, ನಾನು ಕೀಬೋರ್ಡು ಕುಟ್ಟಿ, ಪಕ್ಕದವರು ಕಾಫಿ ತರಿಸಿ, ಐದೂಮುಕ್ಕಾಲಿಗೆ ಅದು ಸರಿಯಾಯಿತು.

ಶನಿವಾರ ಹನ್ನೊಂದು ಗಂಟೆಗೆ ಚಿಕ್ಕಮ್ಮನ ಶೆಡ್ಡಿಗೆ ಹೋದೆ. ಅವಳು ತಲೆಸ್ನಾನ ಮಾಡಿ, ಕನಕಾಂಬರ ಮುಡಿದು, ಹಬ್ಬಕ್ಕೆ ಹೊರಟವಳ ಹಾಗೆ ಇದ್ದಳು. ಸೀರೆಯ ಮೂರು ಫೋಟೊ: ಅಂಚು, ಸೆರಗು, ಒಡಲು. ಚಿಕ್ಕದಾಗಿ ತೆಗೆದು ಕಳಿಸು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎಳೆ ಕಾಣಬೇಕೆಂದರೆ ಕಾಣಲಿ. ಅವಳು ದೇವರ ಪಟದ ಕಡೆ ಒಮ್ಮೆ ನೋಡಿ ಒತ್ತಿದಳು. ತೆರೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಇಷ್ಟಿಷ್ಟೇ ತುಂಬತೊಡಗಿತು. ಕಾಲು ಭಾಗ ಆಗುವಷ್ಟರಲ್ಲಿ ಅವಳ ಬೆರಳು ಅಭ್ಯಾಸಬಲದಿಂದ ಇನ್ನೊಮ್ಮೆ ಒತ್ತಿತು, ಮತ್ತೊಮ್ಮೆ ಒತ್ತಿತು. ಗೆರೆ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಅಷ್ಟು ಸಂತೋಷ ನನಗೆ ಬೇರೆ ಯಾವ ಪ್ರೋಗ್ರಾಮಿನಿಂದಲೂ ಆಗಿಲ್ಲ.

ಎರಡು ಫೋಟೊ ಸೇರಿದವು. ಮೂರನೆಯದು ಅರ್ಧ ದಾಟಿದಾಗ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾದವು, ಸ್ವಲ್ಪ ಹೊತ್ತಿಗೆ ಫೋನಿನ ಆ ಒಂದು ಕಡ್ಡಿಯೂ ಮಾಯವಾಯಿತು. ಗೆರೆ ನಿಂತಿತು. ಗಂಟೆ ಹನ್ನೊಂದು ಕಾಲು. ಅದು ಉಳಿದ ಕಡೆಯಿಂದಲೇ ಮುಂದುವರಿಯುತ್ತದೆಂದು ಬರೆದವಳು ನಾನೇ, ಪರೀಕ್ಷೆ ಮಾಡಿದವಳೂ ನಾನೇ. ಆದರೂ ಫೋನ್ ಕೊಡು, ಮುಖ್ಯರಸ್ತೆಗೆ ಓಡುತ್ತೇನೆ ಎಂದೆ. ಹನ್ನೊಂದೂವರೆಗೆ ಮತ್ತೆ ಅದನ್ನೇ ಹೇಳಿದೆ. ಬಾಗಿಲಿಗೂ ಮಗ್ಗಕ್ಕೂ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಚಿಕ್ಕಮ್ಮ ಫೋನನ್ನು ಮಗ್ಗದ ಚೌಕಟ್ಟಿನ ಮೇಲೆ ಇಟ್ಟು, ಕಡಿದಿದ್ದ ಒಂದು ಎಳೆಯನ್ನು ಕನ್ನಡಕ ಹಾಕಿಕೊಂಡು ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ನೀನು ಹೋಗಿ ಟೀ ಕುಡ್ಕೊಂಡ್ ಬಾ. ಆದ್ಮೇಲೆ ಕೂಗ್ತೀನಿ.”

ನನಗೆ ನಲವತ್ತು ದಾಟಿದೆ. ಆ ಮಾತಿಗೆ ಎಂಟು ವರ್ಷದವಳ ಹಾಗೆ ಎದ್ದು ಹೋದೆ. ಬೀದಿಯ ತುದಿಯಲ್ಲಿ ಟೀ ಅಂಗಡಿ. ಲೋಟ ಕೈಯಲ್ಲಿ ಹಿಡಿದು ನಿಂತೆ. ಹಿಂದೆ ತಿರುಗಿ ನೋಡಬಾರದೆಂದುಕೊಂಡು ಅಂಗಡಿಯವರ ಬಿಸ್ಕತ್ತಿನ ಡಬ್ಬಿಗಳನ್ನು ನೋಡಿದೆ. ಕರೆಂಟು ಬಂತು. ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಬೀದಿ. ಆ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲವೆಂದು ಭಯವಾಯಿತು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ ಇತ್ತೋ ಏನೋ, ಮಗ್ಗದ ಸದ್ದನ್ನೆಲ್ಲ ಸೀಳಿಕೊಂಡು ನನ್ನ ಹೆಸರು ಬಂತು. ಗಂಟಲು ಮೊದಲಿನದೇ. ಲೋಟ ಅಲ್ಲೇ ಇಟ್ಟು ಓಡಿದೆ.

ತೆರೆಯ ಮೇಲೆ ರಾಗಿ ತೆನೆಯ ಅಂಚು ತುಂಬಿತ್ತು, ಎಳೆ ಎಳೆ ಕಾಣುವ ಹಾಗೆ. ಚಿಕ್ಕಮ್ಮ ಅದನ್ನು ನೋಡುತ್ತಿರಲಿಲ್ಲ. ಕೆಳಗೆ ನೇಯ್ದವರು ಎಂದು ಬರೆದಲ್ಲಿ ತನ್ನ ಹೆಸರಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳು ಇಟ್ಟು ಓದುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅತ್ತೆ. ಅವಳು ಅಳಲಿಲ್ಲ. ಪಕ್ಕದ ಮನೆಯವರಿಗೆ ನಿಮ್ಮದೂ ಹೋಗುತ್ತದೆ, ಒತ್ತಿ ಒತ್ತಿ ಎಂದು ಗೋಡೆಯ ಮೇಲಿಂದ ಕೂಗಿ ಹೇಳಿದಳು.

ಆ ಬೀದಿಯಿಂದ ಅಂದು ಇನ್ನೂ ನಾಲ್ಕು ಸೀರೆ ಸೇರಿದವು. ಒಂದು ಸೇರಲಿಲ್ಲ, ಅದನ್ನು ನೇಯ್ದವರು ಬೇಸತ್ತು ಶುಕ್ರವಾರವೇ ಆಪ್ ತೆಗೆದುಹಾಕಿದ್ದರಂತೆ. ಅವರ ಮನೆಯ ಮುಂದೆ ಹೋಗುವಾಗ ಈಗಲೂ ನಾನು ಸ್ವಲ್ಪ ಬೇಗ ಹೆಜ್ಜೆ ಹಾಕುತ್ತೇನೆ. ರಾಗಿ ತೆನೆಯ ಅಂಚನ್ನು ಅಂಗಡಿಯವರು ಆರಿಸಿಕೊಂಡರು. ಚಿಕ್ಕಮ್ಮನ ಎರಡು ಮಗ್ಗದಲ್ಲಿ ಒಂದು ಈಗ ಅದನ್ನೇ ನೇಯುತ್ತದೆ.

ಆ ಶನಿವಾರ ಮಧ್ಯಾಹ್ನ ಕಚೇರಿಗೆ ಹಿಂದಿರುಗಿ ನಾನು ಮಾಡಿದ ಮೊದಲ ಕೆಲಸ ಆ ಸಾಲನ್ನು ಅಳಿಸಿದ್ದು. ಫೋಟೊ ಕಳಿಸಿ ಕಾಯುವವರಿಗೆ ಬೇರೊಂದು ಸಾಲು ಬರೆದೆ. ಸರ್ ಅದನ್ನು ಓದಿ, ಇದು ಬರವಣಿಗೆಯ ಭಾಷೆಯಲ್ಲ, ನಿಮ್ಮ ಕೋರಿಕೆ ಸ್ವೀಕೃತವಾಗಿದೆ ಎಂದು ಹಾಕಬಾರದೇ ಎಂದರು. ಬಾರದು ಎಂದೆ. ಗ್ರಾಫ್ ತೋರಿಸು ಎನ್ನುತ್ತಾರೇನೋ ಎಂದುಕೊಂಡಿದ್ದೆ, ಅನ್ನಲಿಲ್ಲ.

ಮುಂದಿನ ಸೀರೆ ಹಾಕುವ ದಿನ ಚಿಕ್ಕಮ್ಮ ನನ್ನನ್ನು ಕರೆಯಲಿಲ್ಲ. ನಾನೇ ಡಬ್ಬಿ ವಾಪಸು ತರುವ ನೆಪ ಮಾಡಿಕೊಂಡು ಹೋದೆ. ಅವಳು ಒಂದೇ ಸಲ ಒತ್ತಿದಳು. ತೆರೆಯ ಮೇಲೆ ಬಂದ ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿದಳು: “ನಿಮ್ಮ ಸೀರೆ ಬರ್ತಾ ಇದೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ. ಆದ್ಮೇಲೆ ಕೂಗ್ತೀವಿ.” ಫೋನನ್ನು ಚೌಕಟ್ಟಿನ ಮೇಲೆ ಇಟ್ಟು, ಮಗ್ಗದ ಹಿಡಿ ಎಳೆದಳು. ಸದ್ದು ಏಳುವ ಮೊದಲು ನನ್ನ ಕಡೆ ನೋಡಿ ಹೇಳಿದಳು:

“ಈಗ ಸರ್ಯಾಗಿ ಮಾತಾಡ್ತೈತೆ ನೋಡು.”